ನಡುಗಿದ ಪೆಡಲು

ಕುರಿಗಳು ಒಮ್ಮೆಲೇ ರಸ್ತೆಗೆ ನುಗ್ಗಿದಾಗ ಭೀಮಶ್ಯಾ ಬ್ರೇಕಿನ ಮೇಲೆ ಎದ್ದು ನಿಂತೇಬಿಟ್ಟ. ಹೂವಿನ ಹಿಪ್ಪರಗಿಯಲ್ಲಿ ತೊಗರಿ ಚೀಲ ಹೇರಿಕೊಂಡು ಇಂಡಿಗೆ ಹೊರಟಿದ್ದ ಲಾರಿ ಆಚೀಚೆ ಜಾರದೆ, ಮುಂದಿದ್ದ ಟಗರಿನ ಕೊಂಬಿಗೆ ಒಂದು ಗೇಣು ಉಳಿಸಿ ನಿಂತಿತು. ಆದರೆ ಅವನ ಚಪ್ಪಲಿಯ ಕೆಳಗೆ ಪೆಡಲು, ಬಾಲ ತುಳಿಸಿಕೊಂಡ ಬೆಕ್ಕಿನಂತೆ, ಗದಗದ ನಡುಗಿತ್ತು.

"ಖಾಲಾ, ಬ್ರೇಕ್ ಹೋತು!"

ಖಾಲಾ ಎಂದರೆ ಅವನ ಓಣಿಯ ಮುದುಕಿ ಜೈತುನಬಿ. ಇಂಡಿಯ ಮಗಳ ಮನೆಗೆಂದು ಕ್ಯಾಬಿನ್ನಿನಲ್ಲಿ ಗಂಟು ಹಿಡಿದು ಕೂತಿದ್ದಳು.

"ಗಾಡಿ ನಿಂತೈತಲ್ಲೋ ತಮ್ಮಾ?"

"ನಿಂತೈತಿ ಖರೆ. ನಡುಗಿ ನಿಂತೈತಿ!"

ಇಪ್ಪತ್ತು ವರ್ಷಗಳ ಕಾಲ ಹಳೆಯ ಲಾರಿಯನ್ನೇ ಓಡಿಸಿದವನು ಅವನು. ಈ ಹೊಸ ಲಾರಿ ಕೈಗೆ ಬಂದು ಮೂರೇ ದಿನ.

ಬೈಯಲೆಂದು ಕೋಲು ಎತ್ತಿ ಬಂದ ಕುರಿಗಾರ ಗುರಣ್ಣ ವಿಷಯ ಕೇಳಿ ಕೋಲು ಇಳಿಸಿದ. "ನಮ್ಮ ಬೀಗರ ಗಾಡೀನೂ ಹಿಂಗ ನಡುಗಿತ್ತು ನೋಡಪಾ. ಮರುದಿನ ಕಾಲುವ್ಯಾಗ ಸಿಕ್ತು."

"ಬೀಗರು?"

"ಅವರು ಅದರ ಮರುದಿನ ಸಿಕ್ಕರು."

ರಸ್ತೆ ಬದಿಯ ಚಾದಂಗಡಿಯಿಂದ ಸಾವಿತ್ರವ್ವ ಕೂಗಿದಳು: "ಮುಂದ ದೊಡ್ಡ ಇಳುಕಲು ಐತಿ ತಮ್ಮಾ. ಮನಿಗೊಂದು ಫೋನ್ ಮಾಡಿ ಹೋಗು!"

ಬಸವನ ಬಾಗೇವಾಡಿಗೆ ಇನ್ನು ಎಂಟೇ ಕಿಲೋಮೀಟರು. ಭೀಮಶ್ಯಾನಿಗೆ ಒಂದೂಕಾಲು ಗಂಟೆ ಹಿಡಿಯಿತು. ಮೊದಲ ಗೇರು ಬಿಡಲಿಲ್ಲ, ಬ್ರೇಕು ಮುಟ್ಟಲಿಲ್ಲ. ಎತ್ತಿನಗಾಡಿಯವನೊಬ್ಬ ಹಿಂದಿನಿಂದ ಬಂದು, ಮರುಕದಿಂದ ನೋಡಿ ಮುಂದೆ ಹೋದ. ಕೊನೆಗೆ ಇಳುಕಲು ಬಂತು.

"ಖಾಲಾ, ಬಾಗಿಲಾ ತಗದು ಇಟ್ಕೋ. ನಾ ಜಿಗಿ ಅಂದ್ರ ಜಿಗಿ."

"ಎಪ್ಪತ್ತು ವರ್ಷಕ್ಕ ನಂಗ ಜಿಗಿಯೂದು ಕಲಸ್ತೀಯೇನೋ? ಸುಮ್ನ ರಸ್ತಾ ನೋಡು!"

ಬಾಗೇವಾಡಿಯ ಮೆಕ್ಯಾನಿಕ್ ಕಾಸಿಂಸಾಬ ಲಾರಿಯ ಕೆಳಗೆ ಹೊಕ್ಕು ಬಂದ. ಆಮೇಲೆ ತಾನೇ ಓಡಿಸಿ ಎರಡು ಸಲ ಜೋರಾಗಿ ಬ್ರೇಕು ಒತ್ತಿದ. ಎರಡೂ ಸಲ ಲಾರಿ ದಾರ ಹಿಡಿದಂತೆ ನೇರ ನಿಂತಿತು.

"ಬ್ರೇಕ್ ಬಂಗಾರ ಐತಿ. ಎಬಿಎಸ್ ಅಂತಾರ ಇದಕ್ಕ. ಎಷ್ಟು ಜೋರ್ ಒತ್ತಿದ್ರೂ ಗಾಲಿ ಜಾಮ್ ಆಗಂಗಿಲ್ಲ, ಗಾಡಿ ಜಾರಂಗಿಲ್ಲ. ಅದಕ್ಕ ಕುರಿ ಉಳದಾವು."

ಭೀಮಶ್ಯಾನಿಗೆ ಹೋದ ಜೀವ ಬಂತು. "ಹಂಗಾದ್ರ ಪೆಡಲ್ ನಡುಗಿದ್ದು ಅದರದ ಕೆಲಸ!"

"ಕಾರಿನ್ಯಾಗ ನಡುಗತೈತಿ. ಇದು ಗಾಳಿ ಬ್ರೇಕು. ಇದರಾಗ ಪೆಡಲ್ ನಡುಗಂಗಿಲ್ಲ."

"ಮತ್ತ ನಡುಗಿದ್ದು ಏನ್ರಿ?"

ಕಾಸಿಂಸಾಬ ಅವನ ಬಲಗಾಲು ನೋಡಿದ. ಅದು ಇನ್ನೂ ಹೊಲಿಗೆ ಮಷಿನ್ನಿನ ಸೂಜಿಯಂತೆ ಟಕಟಕ ಆಡುತ್ತಿತ್ತು.

ಜೈತುನಬಿಯೂ ನೋಡಿದಳು. ಗಂಟು ಹಿಡಿದು ಮೆಲ್ಲಗೆ ಕೆಳಗಿಳಿದಳು.

"ಖಾಲಾ, ಎಲ್ಲಿಗೆ? ಬ್ರೇಕ್ ಚಲೋ ಐತಂತ!"

"ಅದಕ್ಕ ಇಳದೇನಪಾ. ಬ್ರೇಕ್ ಕೆಟ್ಟಿದ್ರ ಕಾಸಿಂಸಾಬ ರಿಪೇರಿ ಮಾಡ್ತಿದ್ದ," ಎನ್ನುತ್ತ ಅವಳು ಬಸ್ ನಿಲ್ದಾಣದ ದಾರಿ ಹಿಡಿದಳು.