ಮೂಗುಬೊಟ್ಟಿನ ಪರೀಕ್ಷೆ

ಕಲಿಸುವುದನ್ನೆಲ್ಲ ಸಾಲೆಯಲ್ಲೇ ಬಿಟ್ಟು ಮನೆಗೆ ಬರುವ ಮಾಸ್ತರನೇ ಸುಖಿ. ನನಗೆ ಆ ಜಾಣತನ ಎಂದೂ ಬರಲಿಲ್ಲ. ಹುನಗುಂದದಲ್ಲಿ ವಿಜ್ಞಾನ ಹೇಳುತ್ತಿದ್ದ ಕಾಲ. ಊರಿಗಿನ್ನೂ ವಿದ್ಯುದ್ದೀಪ ಬಂದಿರಲಿಲ್ಲ. ಪಾಠದ ತಾಲೀಮಿಗೆಂದು ಸಾಲೆಯ ವಿದ್ಯುತ್ ಗಂಟೆಯನ್ನೂ ಬ್ಯಾಟರಿಯ ಗಾಜಿನ ಭರಣಿಗಳನ್ನೂ ಮನೆಗೆ ಹೊತ್ತು ತಂದೆ. ಪೆನ್ಸಿಲ್ ಸೀಳಿ, ಒಳಗಿನ ಕಪ್ಪು ಕಡ್ಡಿಗೆ ಎರಡು ತಂತಿ ಮುಟ್ಟಿಸಿದರೆ ಗಂಟೆ ಠಣಠಣ! "ಈ ಕಡ್ಡಿ ಹಂಗ ವಜ್ರಾನೂ ಇದ್ದಲಿ ಕುಲದ್ದ. ಆದ್ರ ಅದು ವಿದ್ಯುತ್ ಹಾಯಾಕ ಬಿಡೂದಿಲ್ಲ" ಎಂದು ಹೆಂಡತಿ ಗಂಗವ್ವನ ಮುಂದೆ ಕೊಚ್ಚಿಕೊಂಡೆ.

"ನನ್ನ ಮೂಗಿನ್ಯಾಗ ಇದ್ದಲಿ ಐತೇನ್ರಿ?" ಎಂದಳು.

ಕಡ್ಡಿ ವಿದ್ಯುತ್ ಬಿಟ್ಟು ವಜ್ರ ಬಿಡದಿರುವ ಕಾರಣ ಆಗ ನನಗೂ ಗೊತ್ತಿರಲಿಲ್ಲ, ಎಷ್ಟೋ ವರ್ಷದ ಮೇಲೆ ಓದಿದೆ. ಎರಡೂ ಇಂಗಾಲವೇ; ಅದರ ಕಣಕ್ಕೆ ನಾಲ್ಕು ಕೈ ಅನ್ನಿ. ವಜ್ರದಲ್ಲಿ ನಾಲ್ಕೂ ನೆರೆಯವರನ್ನು ಬಿಗಿಹಿಡಿದಿರುತ್ತವೆ. ಪೆನ್ಸಿಲ್ಲಿನ ಕಡ್ಡಿಯಲ್ಲಿ ಮೂರು ಮಾತ್ರ ಹಿಡಿದಿದ್ದು, ನಾಲ್ಕನೆಯದು ಪಂಕ್ತಿಯಲ್ಲಿ ತಂಬಿಗೆ ದಾಟಿಸಿದಂತೆ ವಿದ್ಯುತ್ತನ್ನು ಮುಂದಕ್ಕೆ ಸಾಗಿಸುತ್ತದೆ.

ನಮ್ಮ ಮನೆಯ ಏಕೈಕ ವಜ್ರ ಗಂಗವ್ವನ ಮೂಗುಬೊಟ್ಟಿನಲ್ಲಿತ್ತು. ಇಳಕಲ್ಲಿನ ಸೀರೆ ವ್ಯಾಪಾರಿಯಾದ ನಮ್ಮ ಮಾವ ಮದುವೆಯಲ್ಲಿ ಹಾಕಿದ್ದು. ಮುತ್ತೈದೆಯ ಮೂಗು ಬರಿದಾಗುವಂತಿಲ್ಲ, ಪರೀಕ್ಷೆಗೆಂದು ಬಿಚ್ಚುವ ಮಾತೇ ಇಲ್ಲ. "ಮೂಗಿನ ಮ್ಯಾಲ ಮಾಡ್ರಿ" ಎಂದು ಕಣ್ಣು ಮುಚ್ಚಿ ಕುಳಿತಳು. ತಂತಿ ಮುಟ್ಟಿಸಿದೆ. ಠಣಠಣ!

"ಇದು ವಜ್ರ ಅಲ್ಲ. ನಿಮ್ಮಪ್ಪಗ ಯಾರೋ ಟೋಪಿ ಹಾಕ್ಯಾರ" ಎಂದುಬಿಟ್ಟೆ. ಅಬ್ಬಾ, ಆ ಅಳು! ಅಂದೇ ಇಳಕಲ್ಲಿಗೆ ಹೇಳಿಕಳಿಸಿದಳು.

ಮರುದಿನ ಮಾವ ಬಂಡಿಯಿಂದಿಳಿದು ನೀರನ್ನೂ ಮುಟ್ಟಲಿಲ್ಲ. "ಅಳಿಯಂದ್ರ, ನನ್ನ ಮುಂದ ಒಮ್ಮಿ ತೋರಸ್ರಿ. ಖೊಟ್ಟಿ ಇದ್ರ ಮಗಳನ್ನ ಈಗ ಕರಕೊಂಡ ಹೋಗ್ತೇನಿ. ಖರೇದ್ದು ಹಾಕಿಸೇ ಕಳಸ್ತೇನಿ" ಎಂದರು. ಗಂಗವ್ವ ಇಲ್ಲದ ಮನೆಯನ್ನು ನೆನೆಯಲೂ ಆಗಲಿಲ್ಲ. ತಂತಿ ಹಿಡಿದು, ಮೂಗಿಗೆ ಮೂಗು ತಾಗುವಷ್ಟು ಬಗ್ಗಿ ನೋಡುತ್ತೇನೆ, ನಾನು ನಿನ್ನೆ ಮುಟ್ಟಿಸಿದ್ದು ಹರಳಿಗಲ್ಲ, ಅದರ ಸುತ್ತಲಿನ ಬಂಗಾರಕ್ಕೆ! ಮೆಲ್ಲಗೆ ತುದಿಗಳನ್ನು ಹರಳಿನ ಮೇಲೆ ಸರಿಸಿದೆ. ಗಂಟೆ ಗಪ್‌ಚಿಪ್.

"ಖರೇ ಐತಿ!" ಎಂದು ಗಂಗವ್ವ ಕುಣಿದಳು. ಮಾವ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. ಮಧ್ಯಾಹ್ನ ಹೋಳಿಗೆಯೂಟ.

ಎಲೆಯ ಮುಂದೆ ಕುಳಿತಾಗ ಹೊಳೆಯಿತು: ಹರಳು ಬರೀ ಗಾಜಾಗಿದ್ದರೂ ಗಂಟೆ ಹೀಗೇ ಸುಮ್ಮನಿರುತ್ತಿತ್ತು! ಪರೀಕ್ಷೆಯಿಂದ ಏನೂ ಸಾಬೀತಾಗಿರಲಿಲ್ಲ. ವಿಜ್ಞಾನದ ಮಾಸ್ತರನಾಗಿ ಹೇಳಲೇಬೇಕು. ಬಾಯಿ ತೆರೆದೆ.

"ಏನೋ ಹೇಳಾಕ ಹೊಂಟೀರಿ?" ಎಂದಳು ಗಂಗವ್ವ, ತುಪ್ಪದ ಗಿಂಡಿ ಹಿಡಿದು.

"ಏನಿಲ್ಲ. ಇನ್ನೊಂಚೂರು ತುಪ್ಪ ಹಾಕು" ಎಂದೆ.