ನಾಯಿಯ ಬಾಯಿಹುಣ್ಣು

ನಾರಾಯಣಪೇಟೆಯ ಸೀರೆ ವ್ಯಾಪಾರಿಯೊಬ್ಬರ ಮನೆಯಲ್ಲಿ ಬಿಳಿ ಪೊಮೆರೇನಿಯನ್ ನಾಯಿ ಎರಡು ಸಲ ಕೆಮ್ಮಿತು. ಅಂಗಡಿಯ ಬಾಗಿಲು ಅರ್ಧ ಇಳಿಯಿತು. ಕೋಸಗಿಯ ಬೀಗರಿಗೆ ಫೋನು ಹೋಯಿತು. ಮಧ್ಯಾಹ್ನದ ಹೊತ್ತಿಗೆ ಅವರು ಬಸ್ಸಿಳಿದು ಬಂದು ನಾಯಿಯ ಸುತ್ತ ಕೂತರು. ಅಷ್ಟರಲ್ಲಿ ನನ್ನನ್ನೂ ಕರೆಸಿದ್ದರು.

ನಾನು ಮಕ್ತಲದ ಪಶುವೈದ್ಯ. ನಮ್ಮ ಕೆಲಸದಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ರೋಗಿ ಮಾತಾಡುವುದಿಲ್ಲ, ಆ ಕೊರತೆಯನ್ನು ಮನೆಯವರು ತುಂಬಿಕೊಡುತ್ತಾರೆ. ಹೊಸ ತೆಲುಗು ರಾಜ್ಯ ಬಂದು, ಮೊದಲು ಗದ್ವಾಲ, ಆಮೇಲೆ ನಾರಾಯಣಪೇಟೆ ಜಿಲ್ಲೆಗಳಾದ ಮೇಲೆ ನನಗೆ ಇನ್ನೊಂದು ಕೆಲಸ ಅಂಟಿಕೊಂಡಿತು: ಸಾಕುನಾಯಿಗಳಲ್ಲಿ ಕ್ಯಾನ್ಸರ್ ಎಲ್ಲೆಲ್ಲಿ ಕಾಣುತ್ತದೆಂದು ಬರೆದಿಡುವುದು. ನಾಯಿ ನಮ್ಮ ಮನೆಯ ಹೊಗೆ ಕುಡಿಯುತ್ತದೆ, ನಮ್ಮ ಹೊಲದ ಔಷಧಿ ತುಳಿಯುತ್ತದೆ, ಆಯಸ್ಸು ಮಾತ್ರ ನಮಗಿಂತ ಕಡಿಮೆ. ಆದ್ದರಿಂದ ನಮಗೆ ಬರಲಿರುವುದು ಅದಕ್ಕೆ ಮೊದಲೇ ಬರಬಹುದು ಎಂಬುದು ವಿಚಾರ.

೧. ಹೊಗೆ

ವ್ಯಾಪಾರಿಗೆ ಇದ್ದದ್ದು ಹೇಳಿದೆ. ನಾಯಿಗೆ ಗಂಟೇನೂ ಇಲ್ಲ, ಆದರೆ ಕುರ್ಚಿಯ ಕೆಳಗೆ ಮಲಗಿ ನಿಮ್ಮ ಸಿಗರೇಟಿನ ಹೊಗೆ ಕುಡಿಯುತ್ತಿದೆ. ಮುಂದೆ ಕ್ಯಾನ್ಸರೂ ಆಗಬಹುದು. ಅವರ ಕಣ್ಣು ತುಂಬಿತು. ಜೇಬಿನ ಪ್ಯಾಕೆಟ್ ತೆಗೆದು ಎಲ್ಲರೆದುರು ಮೋರಿಗೆ ಹಾಕಿದರು. ನಾಯಿಯ ತಲೆ ಮುಟ್ಟಿ ಆಣೆಯನ್ನೂ ಇಟ್ಟರು.

ಅವರ ಹೆಂಡತಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಮದುವೆಯಾದಾಗಿನಿಂದ ಅದೇ ಹೊಗೆ ಕುಡಿದು ಕೆಮ್ಮಿದವರು.

"ಸಾಹೇಬ್ರ, ನಾಯಿಗೋಳ ಪಟ್ಟಿಯಾಗ ನನ್ನ ಹೆಸರೂ ಹಾಕ್ರಿ" ಎಂದರು.

೨. ರೋಗದ ನಡಿಗೆ

ಮಕ್ತಲದ ಕಡೆಯ ಕುರುಬ ಯಜಮಾನರೊಬ್ಬರ ಕರಿ ನಾಯಿಗೆ ಹೊಟ್ಟೆಯ ಕೆಳಗೆ ಗಂಟಿತ್ತು. ಆ ಬೇಸಿಗೆಯಲ್ಲಿ ಅವರು ಕುರಿ ಹೊಡೆದುಕೊಂಡು ನಾರಾಯಣಪೇಟೆಯಿಂದ ಹೊಳೆಯಾಚೆ ಗದ್ವಾಲದ ಕಡೆ ಹೊರಟಿದ್ದರು. ದಾರಿಯಲ್ಲಿ ಸಿಕ್ಕ ಪಶು ಆಸ್ಪತ್ರೆಗಳಲ್ಲೆಲ್ಲ ನಾಯಿಯನ್ನು ತೋರಿಸಿದರು. ಪುಕ್ಕಟೆ ನೋಡುತ್ತಾರೆಂದರೆ ಬಿಡುವುದೇಕೆ? ನಾರಾಯಣಪೇಟೆಯಲ್ಲಿ ಒಬ್ಬ ಡಾಕ್ಟರು ಪಟ್ಟಿಯಲ್ಲಿ ಬರೆದುಕೊಂಡರು, ಮಕ್ತಲದಲ್ಲಿ ನಾನು, ಗದ್ವಾಲದಲ್ಲಿ ಇನ್ನೊಬ್ಬರು.

ಮೇಲಿನ ಕಚೇರಿಯಲ್ಲಿ ಗಾಬರಿಯಾಯಿತು. ಒಂದೇ ಬಣ್ಣದ ನಾಯಿಗಳು, ಒಂದೇ ಜಾಗದಲ್ಲಿ ಗಂಟು, ಊರಿಂದೂರಿಗೆ ದಕ್ಷಿಣಕ್ಕೆ ಹಬ್ಬುತ್ತಿದೆ. ಅಲ್ಲಿನ ಅಧಿಕಾರಿ ಫೋನು ಮಾಡಿ, ಈ ರೋಗ ದಿನಕ್ಕೆ ಎಷ್ಟು ದೂರ ಹೋಗುತ್ತಿದೆ ಎಂದು ತೆಲುಗಿನಲ್ಲಿ ಕೇಳಿದರು.

ಕುರಿಗಳು ಮೇಯುತ್ತ ಎಷ್ಟು ದೂರ ಹೋಗುತ್ತವೋ ಅಷ್ಟೇ ಸಾರ್, ಎಂದೆ.

೩. ಮೈಲಾರನ ಅಪ್ಪಣೆ

ಹೊಳೆಯಾಚೆಯಿಂದ ಮರಳಿ ಮಕ್ತಲಕ್ಕೆ ಬಂದ ಯಜಮಾನರಿಗೆ, ಗಂಟು ತೆಗೆಯಬೇಕು ಎಂದೆ. ಒಪ್ಪಲಿಲ್ಲ. ಇದು ಮೈಲಾರಲಿಂಗನ ನಾಯಿ, ಚಾಕು ತಾಕಿಸಲು ದೇವರ ಅಪ್ಪಣೆ ಬೇಕು. ದೇವರು ತಡ ಮಾಡಿದ. ಅಲ್ಲಿಯವರೆಗೆ ದೇವರ ಭಂಡಾರವನ್ನು ಗಂಟಿಗೆ ಬಳಿದರು. ಗಂಟು ಅರಿಸಿನ ಬಣ್ಣಕ್ಕೆ ತಿರುಗಿತು, ಸಣ್ಣದಾಗಲಿಲ್ಲ.

ಒಂದು ದಿನ ಅವರ ಹೆಂಡತಿಯೇ ನಾಯಿಯನ್ನು ಎತ್ತಿಕೊಂಡು ಬಂದು ನನ್ನ ಮೇಜಿನ ಮೇಲೆ ಮಲಗಿಸಿದರು. ದೇವರು ಒಪ್ಪಿದನೇ ಎಂದು ಕೇಳಿದೆ.

"ನನ್ನ ಮಾತ ಮೈಲಾರಪ್ಪ ತೆಗದ ಹಾಕಂಗಿಲ್ರಿ" ಎಂದರು.

೪. ಖಾರ ತಡೆಯದ ನಾಯಿ

ಗಂಟು ಹೋಗಿ ನಾಯಿ ಓಡಾಡಿದ್ದನ್ನು ಕಂಡು ಯಜಮಾನರಿಗೆ ಧೈರ್ಯ ಬಂದಿತ್ತೇನೋ, ಮತ್ತೆ ಬಂದರು. ಜೊತೆಗೆ ಹೆಂಡತಿ ಇದ್ದರು, ನಾಯಿ ಇರಲಿಲ್ಲ. ನಾಯಿಗೆ ಬಾಯಲ್ಲಿ ಹುಣ್ಣಾಗಿದೆ ಎಂದರು.

ಯಾವಾಗಿನಿಂದ ಎಂದು ಕೇಳಿದೆ. ಉಗಾದಿಯಿಂದಂತೆ. ಖಾರ ತಡೆಯುವುದಿಲ್ಲ, ಜೋಳದ ರೊಟ್ಟಿ ಅಗಿಯಲಾಗುವುದಿಲ್ಲ, ಮಿರ್ಚಿ ಬಜ್ಜಿ ಕಂಡರಂತೂ ಕಣ್ಣಲ್ಲಿ ನೀರು. ಯಾವ ಕಡೆ ಎಂದಾಗ ತಮ್ಮ ಎಡಗೆನ್ನೆಯನ್ನು ಒತ್ತಿ ತೋರಿಸಿದರು.

ನಮ್ಮ ಕಡೆ ಕ್ಯಾನ್ಸರಿನಂಥ ರೋಗವನ್ನು ಯಾರೂ ತಮ್ಮ ಮೈಮೇಲೆ ಹಾಕಿಕೊಂಡು ಹೇಳುವುದಿಲ್ಲ. ಹೇಳಿದರೆ ಕರೆದಂತಾಗಿ ಬಂದು ಕೂರುತ್ತದೆ. ಹಾಗಾಗಿ ನಾನೂ ನಾಯಿಯ ಬಗ್ಗೆಯೇ ವಿಚಾರಿಸಿದೆ.

"ನಾಯಿ ತಂಬಾಕು ಹಾಕ್ತೈತೇನ್ರಿ ಯಜಮಾನ್ರ?"

"ಹಾಕ್ತಿತ್ತರಿ. ನಿನ್ನಿ ಬಿಟ್ಟೈತಿ."

"ನಿನ್ನಿ ಅಲ್ರಿ, ಈಗ" ಎಂದರು ಹೆಂಡತಿ. "ನಿಮ್ಮ ಗೇಟಿನ ಹಂತ್ಯಾಕ ಉಗುಳಿಸೀನಿ."

ಉಗಾದಿಯಿಂದ ಮಾಯದ ಹುಣ್ಣು ತಮಾಷೆಯಲ್ಲ. ಈ ನಾಯಿಯನ್ನು ನಾಳೆಯೇ ರಾಯಚೂರಿನ ದೊಡ್ಡ ದವಾಖಾನೆಗೆ ಕರೆದೊಯ್ಯಿರಿ, ತಡ ಮಾಡಿದರೆ ಉಳಿಯುವುದಿಲ್ಲ ಎಂದೆ.

"ಮನಷ್ಯಾರ ದವಾಖಾನ್ಯಾಗ ನಾಯಿನ ಒಳಗ ಬಿಡ್ತಾರೇನ್ರಿ?"

"ಬಿಡಂಗಿಲ್ರಿ. ಅದರ ಬದ್ಲಿ ನೀವ ಬಾಯಿ ತಗದ ತೋರಸ್ರಿ."

ಯಜಮಾನರು ಎಡಗೆನ್ನೆಯನ್ನು ಇನ್ನೊಮ್ಮೆ ಒತ್ತಿಕೊಂಡರು. ನಾಯಿಗಾಗಿ ಅಷ್ಟು ಮಾಡಬಹುದು ಎಂದರು. ಆದರೆ ಸೂಜಿ, ಚಾಕು ನೋಡಿ ಅದು ಹೆದರೀತು ಎಂದು ಅನುಮಾನಪಟ್ಟರು.

"ಹೆದರಿದ್ರ ಕೊರಳಿಗೆ ಹಗ್ಗ ಹಾಕಿ ಎಳಕೊಂಡ ಹೋಗ್ತೀನ್ರಿ" ಎಂದರು ಹೆಂಡತಿ, ಗಂಡನ ಮುಖ ನೋಡುತ್ತ.

ಮರುದಿನ ಇಬ್ಬರೂ ರಾಯಚೂರಿನ ಬಸ್ಸು ಹತ್ತಿದರು. ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಬಂತು. ಇನ್ನೂ ಮೊದಲ ಹಂತ. ಆಪರೇಷನ್ ಮಾಡಿ ತೆಗೆದರು. ಯಜಮಾನರು ಈಗ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ತಿನ್ನುತ್ತಾರೆ.