ಅತ್ತೆಯ ಆದ್ದರಿಂದಗಳು

ಭದ್ರಾವತಿಯಿಂದ ಶಿವಮೊಗ್ಗದವರೆಗೆ ನಮ್ಮತ್ತೆಯ ಜೊತೆ ವಾದಕ್ಕೆ ನಿಂತು ಗೆದ್ದವರು ಒಬ್ಬರೂ ಇಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ವಾದದಲ್ಲಿ ಗೆದ್ದವರಿಗೆ ಈ ಲೋಕ ಏನು ಕೊಡುತ್ತದೆ ಎನ್ನುವುದನ್ನು ನಾನು ಲಾ ಕಾಲೇಜಿನಲ್ಲಿ ಕಲಿತದ್ದಲ್ಲ, ಅವಳನ್ನು ನೋಡಿ ಕಲಿತದ್ದು!

ಅತ್ತೆ ಎಂದರೆ ಅಪ್ಪನ ಒಬ್ಬಳೇ ತಂಗಿ. ಭದ್ರಾವತಿಯ ಕೋರ್ಟಿನ ಹತ್ತಿರ, ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗೆ ಅವಳ ಟೈಪಿಂಗ್ ಅಂಗಡಿ. ಮೊದಲು ಟೈಪ್‌ರೈಟರ್ ಇತ್ತು, ಆಮೇಲೆ ಕಂಪ್ಯೂಟರ್ ಬಂತು. ತಲೆ ಬಗ್ಗಿಸದೆ ಒಳಗೆ ಕಾಲಿಡುವಂತಿಲ್ಲ ಎನ್ನುವುದು ಮಾತ್ರ ಬದಲಾಗಲಿಲ್ಲ. ಇಪ್ಪತ್ತು ವರ್ಷ ಊರವರ ಅರ್ಜಿ, ತಕರಾರು, ಅಫಿಡವಿಟ್ಟುಗಳನ್ನು ಬೆರಳಲ್ಲಿ ಕುಟ್ಟಿ ಕುಟ್ಟಿ ಅವಳ ನಾಲಿಗೆಗೂ ಅದೇ ಭಾಷೆ ಅಂಟಿಕೊಂಡಿತ್ತು. ತರಕಾರಿ ಗಾಡಿಯವನಿಗೆ, "ಸದರಿ ಬದನೆಕಾಯಲ್ಲಿ ಹುಳ ಇರೋದು ಮೇಲ್ನೋಟಕ್ಕೇ ಕಂಡುಬರುತ್ತಪ್ಪಾ" ಎನ್ನುವಳು. ಮದುವೆ ಯಾಕಾಗಲಿಲ್ಲ ಅತ್ತೆ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. "ಬಂದ ಗಂಡುಗಳ ವಿರುದ್ಧ ಸಾಕ್ಷ್ಯ ಬಲವಾಗಿತ್ತು ಕಣೇ" ಎಂದಳು.

ನನ್ನನ್ನು ವಕೀಲೆ ಮಾಡಬೇಕೆಂದು ಅಪ್ಪ ತೀರ್ಮಾನಿಸಿದ್ದು ನಾನು ಎರಡನೇ ಪಿಯುಸಿಯಲ್ಲಿದ್ದಾಗ. ಕಾರಣ? "ಎದುರು ಮಾತಾಡ್ತಾಳೆ. ಲಾಯರಾದ್ರೆ ಅದಕ್ಕೂ ಒಂದು ಮರ್ಯಾದೆ ಸಿಗತ್ತೆ." ಲಾ ಕಾಲೇಜಿನ ಪ್ರವೇಶ ಪರೀಕ್ಷೆಗೆಂದು ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯಿಂದ ಗೋಪಾಳದ ಕೋಚಿಂಗ್ ಕ್ಲಾಸಿಗೆ ದಿನಾ ಸೈಕಲ್ ತುಳಿದೆ. ಮಿಕ್ಕಿದ್ದೆಲ್ಲ ಹೇಗೋ ತಲೆಗೆ ಹತ್ತಿತು. ಲಾಜಿಕಲ್ ರೀಸನಿಂಗ್ ಎಂಬ ತರ್ಕ ಮಾತ್ರ ಹತ್ತಲಿಲ್ಲ. ಎದುರು ಮಾತಾಡುವುದೇ ಬೇರೆ, ತರ್ಕವೇ ಬೇರೆ ಎಂದು ಅಪ್ಪನಿಗೆ ಯಾರು ಹೇಳಬೇಕು?

ಒಂದು ಭಾನುವಾರ ಅತ್ತೆ ಮನೆಗೆ ಬಂದಿದ್ದಳು. ಊಟಕ್ಕೆ ತಡವಿತ್ತು. ನಾನು ಅಳುಮೋರೆ ಹಾಕಿಕೊಂಡು ಕೂತಿದ್ದೆ. ಪುಸ್ತಕ ಎಳೆದುಕೊಂಡು ಓದಿದಳು. ಎಲ್ಲಾ ಬಳೆಗಳೂ ಬಸ್ಸುಗಳು. ಕೆಲವು ಬಸ್ಸುಗಳು ಬಾಳೆಹಣ್ಣುಗಳು. ಹಾಗಾದರೆ ಕೆಲವು ಬಳೆಗಳು ಬಾಳೆಹಣ್ಣುಗಳೇ?

"ಹೇಳಕ್ಕಾಗಲ್ಲ" ಎಂದಳು ಅತ್ತೆ, ಕನ್ನಡಕ ಕೂಡ ಹಾಕಿಕೊಳ್ಳದೆ. "ಬಾಳೆಹಣ್ಣಾಗಿರೋ ಬಸ್ಸುಗಳು ಬಳೆಯಲ್ಲದ ಬಸ್ಸುಗಳೇ ಇರಬಹುದಲ್ಲ?"

ಕೊನೆಯ ಪುಟದಲ್ಲಿ ನೋಡಿದರೆ ಉತ್ತರ ಸರಿ!

"ಅಲ್ಲ ಅತ್ತೆ, ಬಳೆ ಬಸ್ಸಾಗೋದು ಹೇಗೆ? ಮೊದಲನೇ ಸಾಲೇ ಸುಳ್ಳಲ್ವಾ?"

"ಅದನ್ನ ನೋಡೋದು ನಿನ್ನ ಕೆಲಸ ಅಲ್ಲ ಮಾರಾಯ್ತಿ. ಕೊಟ್ಟಿದ್ದನ್ನ ನಿಜ ಅಂತ ಇಟ್ಕೊಂಡು ಮುಂದೆ ಹೋಗು. ನಾನು ಇಪ್ಪತ್ತು ವರ್ಷದಿಂದ ಟೈಪ್ ಮಾಡಿರೋದೆಲ್ಲ ಹಾಗೇ. ಒಂದಿನ ಯಾರಾದ್ರೂ ನಿಜಾನಾ ಅಂತ ಕೇಳಿದ್ರಾ?"

ಅವತ್ತೇ ಅವಳಿಗೆ ಹುಚ್ಚು ಹಿಡಿದದ್ದು. ನನ್ನ ಹಳೇ ಪುಸ್ತಕವೊಂದನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಮುಂದಿನ ಭಾನುವಾರ ಅಷ್ಟೂ ಮುಗಿಸಿ ತಂದು, "ಬೇರೆ ಕೊಡು" ಎಂದಳು. ಪುಸ್ತಕ ಇಂಗ್ಲಿಷಿನದು. ಅತ್ತೆಗೆ ಇಂಗ್ಲಿಷಿನಲ್ಲಿ ಒಂದು ಲೋಟ ನೀರು ಕೇಳಲೂ ಬಾರದು. ಆದರೆ ಕೋರ್ಟಿನ ಇಂಗ್ಲಿಷನ್ನು ಅಷ್ಟು ವರ್ಷ ಟೈಪ್ ಮಾಡಿದವಳಿಗೆ, ಸುತ್ತಿ ಸುತ್ತಿ ಬರೆದ ವಾಕ್ಯದ ಬಾಲ ಎಲ್ಲಿದೆ ಎಂದು ಹುಡುಕಿ ಹಿಡಿಯುವುದು ನೀರು ಕುಡಿದಷ್ಟೇ ಸಲೀಸಾಗಿತ್ತು.

ಹುಚ್ಚು ಪುಸ್ತಕದಲ್ಲೇ ಇದ್ದಿದ್ದರೆ ತೊಂದರೆ ಇರಲಿಲ್ಲ. ಪಕ್ಕದ ಮನೆಯಾಕೆ ಅಮ್ಮನ ಹತ್ತಿರ, "ನಮ್ಮ ಸೊಸೆ ಕಾಲಿಟ್ಟ ಮೇಲೇ ನೋಡಿ, ಮನೇಲಿ ನೆಮ್ಮದಿ ಹೋಯ್ತು" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಅತ್ತೆ ಅವರೇಕಾಯಿ ಬಿಡಿಸುತ್ತಿದ್ದವಳು ತಲೆ ಎತ್ತಿದಳು. "ಒಂದಾದ ಮೇಲೆ ಇನ್ನೊಂದಾದ್ರೆ, ಇದರಿಂದಲೇ ಅದಾಯ್ತು ಅಂತ ಆಗಲ್ಲ. ಅದೇ ವರ್ಷ ನಿಮಗೆ ಶುಗರೂ ಬಂತಲ್ಲ, ಅದನ್ನೂ ಸೊಸೆ ತವರಿಂದ ತಂದಿದ್ದಾ?"

ಆಕೆ ಆರು ತಿಂಗಳು ನಮ್ಮ ಹೊಸ್ತಿಲು ತುಳಿಯಲಿಲ್ಲ. ಅಮ್ಮ ಅತ್ತೆಯ ಮೇಲೆ ಮುನಿಸಿಕೊಂಡಳು. ಆ ಸೊಸೆ ಮಾತ್ರ ನಮ್ಮತ್ತೆ ಬಂದಾಗಲೆಲ್ಲ ಕಾಂಪೌಂಡಿನ ಆಚೆಯಿಂದ ಮಲ್ಲಿಗೆ ಕೊಡುತ್ತಿದ್ದಳು. ತರ್ಕಕ್ಕೆ ಸಿಕ್ಕ ಒಂದೇ ಒಂದು ಬಹುಮಾನ ಅದು.

ಬಸ್ಸಿನಲ್ಲಿ ಅಷ್ಟೂ ಸಿಗಲಿಲ್ಲ. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಕಂಡಕ್ಟರ್, "ಒಳಗೆ ಜಾಗ ಇದೆ, ಒಳಗೆ ಹೋಗಿ" ಎಂದು ಕೂಗುತ್ತಿದ್ದ. ಅತ್ತೆ ಶಾಂತವಾಗಿ, "ಒಳಗೆ ಜಾಗ ಇದ್ರೆ ಯಾರೂ ಬಾಗಿಲಲ್ಲಿ ನೇತಾಡಲ್ಲ. ಬಾಗಿಲಲ್ಲಿ ಆರು ಜನ ನೇತಾಡ್ತಿದಾರೆ. ಆದ್ದರಿಂದ?" ಎಂದು ಕೇಳಿದಳು.

"ಆದ್ದರಿಂದ ನೀವು ಇಳೀರಿ" ಎಂದ ಕಂಡಕ್ಟರ್. ಮಾಚೇನಹಳ್ಳಿಯಲ್ಲಿ ಬಿಸಿಲಿನಲ್ಲಿ ಮುಕ್ಕಾಲು ಗಂಟೆ ನಿಂತು ಬೇರೆ ಬಸ್ಸಿನಲ್ಲಿ ಬಂದಳು. "ತೀರ್ಮಾನ ತಪ್ಪು, ಜಾರಿ ಮಾತ್ರ ಆಯ್ತು" ಎಂದು ನಗುತ್ತಲೇ ಚಪ್ಪಲಿ ಬಿಟ್ಟಳು. ನಾವೆಲ್ಲ ನಕ್ಕೆವು. ಅತ್ತೆ ನಮಗೆ ಅದಕ್ಕೇ ಇದ್ದಳಲ್ಲವೇ, ನಗುವುದಕ್ಕೆ!

ಪಿಯು ಪರೀಕ್ಷೆ ಮುಗಿದ ಮೇಲೆ ನನ್ನನ್ನು ಭದ್ರಾವತಿಗೆ ಕಳಿಸಿದರು. ಕೋಚಿಂಗಿನವರು ಕೈಚೆಲ್ಲಿದ್ದನ್ನು ಅತ್ತೆ ಕಲಿಸಲಿ ಎಂದು. ಅವಳದು ಎರಡೇ ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಮಂಚದ ಮೇಲೆ ಅಜ್ಜಿ. ಲಕ್ವ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋಗಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅತ್ತೆ ಬೆಳಿಗ್ಗೆ ಅಜ್ಜಿಗೆ ಸ್ನಾನ ಮಾಡಿಸಿ, ಉಣಿಸಿ, ಅಂಗಡಿಗೆ ಓಡಿ, ಮಧ್ಯೆ ಎರಡು ಸಲ ಮನೆಗೆ ಓಡಿಬಂದು ಮಗ್ಗುಲು ಬದಲಿಸಿ, ಮತ್ತೆ ಓಡುತ್ತಿದ್ದಳು. ಭಾನುವಾರ ನಮ್ಮ ಮನೆಗೆ ಬರುವಾಗ ಮಾತ್ರ ನೆರೆಯವರನ್ನು ಅಜ್ಜಿಯ ಬಳಿ ಕೂರಿಸಿ ಬರುತ್ತಿದ್ದಳಂತೆ. ಸಂಜೆ ಮಂಚದ ಪಕ್ಕದಲ್ಲೇ ನಮ್ಮ ಪಾಠ.

"ಏನೇ ಅದು, ದೇವರ ಪುಸ್ತಕನಾ?" ಎಂದು ಅಜ್ಜಿ ತೊದಲುತ್ತಾ ಕೇಳಿದಳು.

"ಹೌದಮ್ಮ. ಏನ್ ಕೇಳಿದ್ರೂ ನಾಲ್ಕು ಉತ್ತರ ಕೊಡೋ ದೇವರು."

"ನಮ್ಮ ದೇವರು ಒಂದೂ ಕೊಡ್ಲಿಲ್ಲ" ಎಂದಳು ಅಜ್ಜಿ. ತರ್ಕ ಯಾರ ಕಡೆಯಿಂದ ಬಂದದ್ದೆಂದು ನನಗೆ ಅವತ್ತು ತಿಳಿಯಿತು.

ಪ್ರವೇಶ ಪರೀಕ್ಷೆಯ ಅರ್ಜಿ ತುಂಬುವಾಗ ವಯಸ್ಸಿನ ಮಿತಿಯೇ ಇಲ್ಲದ್ದನ್ನು ನೋಡಿ, "ನೀನೂ ಬರಿ ಅತ್ತೆ" ಎಂದು ತಮಾಷೆ ಮಾಡಿದವಳು ನಾನೇ. ಅವಳಿಗಾಗ ನಲವತ್ಮೂರು. ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂದು ಅಲ್ಲಿಗೇ ಓದು ನಿಂತಿತ್ತು. ಅವಳು ನಗಲಿಲ್ಲ. ಒಳಗಿನ ಕೋಣೆಗೆ ಹೋಗಿ ಟ್ರಂಕಿನಿಂದ ಅಂಕಪಟ್ಟಿ ತಂದಳು. ಪ್ಲಾಸ್ಟಿಕ್ ಕವರಿನಲ್ಲಿ, ಒಂದು ಮಡಿಕೆಯೂ ಇಲ್ಲದೆ ಇತ್ತು.

ಪರೀಕ್ಷೆಯ ದಿನ ಗೇಟಿನಲ್ಲಿ ಕಾವಲಿನವನು ಅತ್ತೆಯನ್ನು ತಡೆದ. "ಪೇರೆಂಟ್ಸ್ ಎಲ್ಲಾ ಹೊರಗೆ ಇರಿ ಮೇಡಂ."

"ಪೇರೆಂಟ್ಸ್ ಹೊರಗಿರಬೇಕು, ಸರಿ. ನಾನು ಯಾರಿಗೂ ಪೇರೆಂಟ್ ಅಲ್ಲ. ಆದ್ದರಿಂದ ಆ ಮಾತು ನನಗೆ ಅನ್ವಯಿಸಲ್ಲ" ಎಂದು ಪ್ರವೇಶಪತ್ರ ಮುಂದೆ ಹಿಡಿದಳು. ಸಾಲಿನಲ್ಲಿದ್ದ ಹುಡುಗ ಹುಡುಗಿಯರೆಲ್ಲ ಗೊಳ್ಳೆಂದು ನಕ್ಕರು. ನಾನು ಅವಳ ಜೊತೆ ಬಂದವಳಲ್ಲವೆಂಬಂತೆ ನಾಲ್ಕು ಹೆಜ್ಜೆ ಹಿಂದೆ ನಿಂತಿದ್ದೆ.

ಫಲಿತಾಂಶ ಬಂತು. ಅತ್ತೆಗೆ ಸೀಟು ಸಿಕ್ಕಿತು. ನನಗೆ ಸಿಗಲಿಲ್ಲ!

ಮನೆಯಲ್ಲಿ ಯಾರಾದರೂ ಸತ್ತರೆ ಹೇಗಿರುತ್ತದೋ ಹಾಗಾಯಿತು. ಅಮ್ಮ, "ಕಲಿಸಕ್ಕೆ ಅಂತ ಹೋಗಿ ಮಗೂ ಸೀಟು ತಿಂದ್ಲು" ಎಂದಳು. ಅತ್ತೆ ಬರೆಯದಿದ್ದರೂ ನನ್ನ ಅಂಕಕ್ಕೆ ಸೀಟು ಸಿಗುತ್ತಿರಲಿಲ್ಲ ಎಂದು ಹೇಳಬೇಕಿದ್ದವಳು ನಾನು. ಹೇಳಲಿಲ್ಲ. ಅಮ್ಮನ ಮಾತು ತಪ್ಪೆಂದು ಗೊತ್ತಿದ್ದರೂ ಕೇಳಲು ಹಿತವಾಗಿತ್ತು.

ಅಪ್ಪ ನನ್ನನ್ನೂ ಕರೆದುಕೊಂಡು ಭದ್ರಾವತಿಗೆ ಹೋದರು. ಅಪ್ಪ ಕೆಟ್ಟವರಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟವರಾಗಿದ್ದರೆ ಕೂಗಾಡುತ್ತಿದ್ದರು, ವಾದ ಮಾಡುತ್ತಿದ್ದರು, ಅತ್ತೆ ಗೆಲ್ಲುತ್ತಿದ್ದಳು. ಅವರು ಸಮಾಧಾನವಾಗಿ ಕೂತು ಅಕ್ಕಿರೊಟ್ಟಿ ತಿಂದು, ಕೈ ತೊಳೆದು ಬಂದು ಕೇಳಿದರು: "ನೀನು ಐದು ವರ್ಷ ಅಷ್ಟು ದೂರ ಓದಕ್ಕೆ ಹೋದ್ರೆ ಅಮ್ಮನ್ನ ಯಾರು ನೋಡ್ಕೋತಾರೆ?"

ಅತ್ತೆ ಸಿದ್ಧವಾಗಿದ್ದಳು. "ಅಣ್ಣ, ಅಮ್ಮನ್ನ ನೋಡ್ಕೊಳ್ಳೋದು ಮಕ್ಕಳ ಕೆಲಸ. ಅಮ್ಮನಿಗೆ ಇಬ್ಬರು ಮಕ್ಕಳು. ಎಂಟು ವರ್ಷ ಒಬ್ಬಳು ನೋಡ್ಕೊಂಡಿದಾಳೆ. ಆದ್ದರಿಂದ?"

"ನಮ್ಮಲ್ಲಿ ಜಾಗ ಎಲ್ಲಿದೆ ಹೇಳು" ಎಂದರು ಅಪ್ಪ, ಗೋಡೆ ನೋಡುತ್ತಾ.

ವಿನೋಬನಗರದ ಮನೆಯ ಮಹಡಿಯಲ್ಲಿ ಒಂದು ಕೋಣೆ ಖಾಲಿ ಇತ್ತು. ಮೂಲೆಯಲ್ಲಿ ಹಳೇ ಪೇಪರು ಮತ್ತು ಕೆಟ್ಟ ಮಿಕ್ಸಿ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಮೆಟ್ಟಿಲು ಕಷ್ಟವೆಂದರೆ ನನ್ನ ಕೋಣೆ ಕೆಳಗೇ ಇತ್ತು, ನಾನು ಮೇಲೆ ಹೋಗಬಹುದಿತ್ತು. ಅತ್ತೆ ನನ್ನತ್ತ ನೋಡಿದಳು. ಒಂದೇ ಒಂದು ಕ್ಷಣ. ಒಂದು ವಾಕ್ಯ ಸಾಕಿತ್ತು. ನಾನು ಚಾಪೆಯ ಅಂಚಿನ ದಾರ ಕೀಳುತ್ತಾ ಕೂತೆ. ಮರೆತೆನೇ? ಹೆದರಿದೆನೇ? ಇಲ್ಲ. ಅವಳು ಹೋಗದಿದ್ದರೆ ಒಳ್ಳೆಯದು ಎಂದು ನನಗೆ ಅನ್ನಿಸಿತ್ತು. ನಾನು ಸೋತ ಕಡೆ ಅವಳು ಗೆದ್ದು ಹೋಗುವುದನ್ನು ನೋಡಲು ನನಗೆ ಇಷ್ಟವಿರಲಿಲ್ಲ.

ಅಪ್ಪ ಎದ್ದು ಮಂಚದ ಹತ್ತಿರ ಹೋಗಿ ಅಜ್ಜಿಯ ಕಿವಿಯಲ್ಲಿ ಮೃದುವಾಗಿ ಹೇಳಿದರು: "ಅಮ್ಮ, ಇವಳು ಓದಕ್ಕೆ ಹೋಗ್ತಾಳಂತೆ. ನಿನಗೆ ಯಾವುದಾದ್ರೂ ಒಳ್ಳೆ ಆಶ್ರಮ ನೋಡ್ತೀನಿ, ಆಗ್ಬಹುದಾ?"

ಅಜ್ಜಿಯ ಎಡಗಣ್ಣಿನಿಂದ ನೀರು ಇಳಿಯಿತು. ಅತ್ತೆ ಎದ್ದು ಹೋಗಿ ಅದನ್ನು ಸೆರಗಿನಲ್ಲಿ ಒರೆಸಿದಳು. ಅಲ್ಲಿಗೆ ಮುಗಿಯಿತು. ಒಂದು ಆದ್ದರಿಂದವೂ ಬೇಕಾಗಲಿಲ್ಲ.

ಹೊರಡುವಾಗ ಅಪ್ಪ ಚಪ್ಪಲಿ ಮೆಟ್ಟುತ್ತಾ, "ಹಾಗೇ, ಇವಳಿಗೆ ಇನ್ನೊಂದು ವರ್ಷ ಹೇಳಿಕೊಟ್ಟುಬಿಡು" ಎಂದರು. ನಾಚಿಕೆ ಎಂಬುದು ಮನುಷ್ಯರಿಗೆ ಎಲ್ಲಿರುತ್ತದೆ? ನಮ್ಮ ಮನೆಯವರಲ್ಲಿ ಅಂತೂ ಇರಲಿಲ್ಲ. ನನ್ನಲ್ಲೂ ಇರಲಿಲ್ಲ, ಯಾಕೆಂದರೆ ನಾನು ಹೋದೆ. ವರ್ಷವಿಡೀ ಪ್ರತಿ ಶನಿವಾರ ಹೋಗಿ ಕಲಿತೆ. ಅವಳು ಕಲಿಸಿದಳು. ಒಂದು ದಿನವೂ ಮುಖ ಗಂಟಿಕ್ಕಲಿಲ್ಲ, ಒಂದು ಪ್ರಶ್ನೆಯನ್ನೂ ಹಾರಿಸಲಿಲ್ಲ. ಮರುವರ್ಷ ನನಗೆ ಸೀಟು ಸಿಕ್ಕಿತು. ಅಪ್ಪ ನೆಂಟರಿಗೆಲ್ಲ, "ಗೋಪಾಳದ ಕೋಚಿಂಗು ಕೈಹಿಡೀತು" ಎಂದು ಹೇಳಿಕೊಂಡು ತಿರುಗಿದರು.

ಅಜ್ಜಿ ಇನ್ನೂ ನಾಲ್ಕು ವರ್ಷ ಇದ್ದಳು. ಅವಳು ತೀರಿಕೊಂಡ ಮೇಲೆ ನಡೆದ ಶಿವಗಣಾರಾಧನೆಯ ದಿನ, ಊಟದ ಎಲೆ ತೆಗೆದು ಎಲ್ಲರೂ ಕೂತಿದ್ದಾಗ, ಅಪ್ಪ ದೊಡ್ಡ ಮನಸ್ಸು ಮಾಡಿ ತಂಗಿಗೆ ಹೇಳಿದರು: "ಇನ್ನೇನಮ್ಮ, ನೀನೀಗ ಫ್ರೀ. ಬೇಕಾದ್ರೆ ಓದ್ಕೋ."

"ವಾಯಿದೆ ಮುಗೀತಣ್ಣ" ಎಂದಳು ಅತ್ತೆ, ಪಾತ್ರೆ ಎತ್ತುತ್ತಾ. "ಅರ್ಜಿ ವಜಾ."

ಎಲ್ಲರೂ ನಕ್ಕರು. ನಮ್ಮತ್ತೆಯ ಮಾತೆಂದರೆ ಗೊತ್ತಲ್ಲ, ಎಷ್ಟು ತಮಾಷೆ!

ನಾನೀಗ ಶಿವಮೊಗ್ಗದಲ್ಲಿ ವಕೀಲೆ. ಕಳೆದ ತಿಂಗಳು ಭದ್ರಾವತಿ ಕೋರ್ಟಿನಲ್ಲಿ ನನ್ನದೊಂದು ಕೇಸಿತ್ತು. ಮುದಿ ತಾಯಿಯೊಬ್ಬಳು ಮಗನಿಂದ ಆಸರೆಯನ್ನೂ ಜೀವನಾಂಶವನ್ನೂ ಕೇಳಿದ ಕೇಸು, ನಾನು ತಾಯಿಯ ಪರ. ಮಗನ ಕಡೆಯ ವಕೀಲರು, ಮನೆಯಲ್ಲಿ ಜಾಗವಿಲ್ಲವೆಂದು ಬಹಳ ಚೆನ್ನಾಗಿ ವಾದ ಮಾಡಿದರು. ನಾನು ಉತ್ತರಕ್ಕೆಂದು ಕಾಲಾವಕಾಶ ಕೇಳಿದೆ. ದಿನಾಂಕ ತೆಗೆದುಕೊಂಡು ಹೊರಗೆ ಬಂದವಳು ನೇರವಾಗಿ ಮೆಟ್ಟಿಲ ಕೆಳಗಿನ ಅಂಗಡಿಗೆ ಹೋಗಿ, ತಲೆ ಬಗ್ಗಿಸಿ ಒಳಗೆ ನುಗ್ಗಿ, ಸ್ಟೂಲಿನ ಮೇಲೆ ಕೂತೆ. ಕಪ್ಪು ಕೋಟು ಕೂಡ ಬಿಚ್ಚಿರಲಿಲ್ಲ.

"ಅತ್ತೆ, ಅವತ್ತು ಮಹಡಿ ಕೋಣೆ ಖಾಲಿ ಇತ್ತು" ಎಂದೆ.

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತಿತ್ತು."

"ಗೊತ್ತಿತ್ತಾ? ಮತ್ತೆ ನೀನ್ಯಾಕೆ ಹೇಳ್ಲಿಲ್ಲ?"

"ನಾನ್ ಹೇಳಿದ್ರೆ ಅಣ್ಣ ಇಲ್ಲ ಅಂತಿದ್ದ. ಆಮೇಲೆ ನಿನ್ನ ಕೇಳ್ಬೇಕಾಗ್ತಿತ್ತು. ನೀನು ಸುಳ್ಳು ಹೇಳೋಳಲ್ಲ, ಇದೆ ಅಂತಿದ್ದೆ. ಆಮೇಲೆ ಆ ಮನೇಲಿ ನಿನ್ನ ಗತಿ?" ಕನ್ನಡಕ ತೆಗೆದು ಸೀರೆಗೆ ಒರೆಸಿದಳು. "ನೀನು ಮೊದಲೇ ಸೋತು ಕೂತಿದ್ದೆ. ಹದಿನೆಂಟು ವರ್ಷದ ಕೂಸು. ನಿನ್ನನ್ನ ಸಾಕ್ಷಿ ಕಟಕಟೆಗೆ ಎಳೆದು ಗೆಲ್ಲೋದು ನನಗೇ ಸರಿ ಕಾಣಲಿಲ್ಲ ಕಣೇ."

ನಾನು ಇದೆ ಎನ್ನುತ್ತಿರಲಿಲ್ಲ ಅತ್ತೆ. ಅಷ್ಟನ್ನು ಹೇಳಲು ಬಾಯಿ ತೆರೆದೆ. ಅಳು ಮಾತ್ರ ಬಂತು.

ಅಷ್ಟರಲ್ಲಿ ಹೊರಗಿನಿಂದ ಒಬ್ಬರು ಬಗ್ಗಿ, "ಮೇಡಂ, ಒಂದು ಅಫಿಡವಿಟ್ ಅರ್ಜೆಂಟಿತ್ತು" ಎಂದರು.

"ಕೂತ್ಕೊಳ್ಳಿ, ಮಾಡಿಕೊಡ್ತೀನಿ. ಹೆಸರು ಹೇಳಿ" ಎಂದಳು ಅತ್ತೆ. ಎರಡು ಪುಟ. ಯಾವಾಗಲೂ ಹತ್ತು ನಿಮಿಷದಲ್ಲಿ ಮುಗಿಸುವವಳಿಗೆ ಅವತ್ತು ಅರ್ಧ ಗಂಟೆ ಹಿಡಿಯಿತು. ಬಲಗೈ ಒಂದರಲ್ಲೇ, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದಳು. ಎಡಗೈ ನನ್ನ ಕೈ ಹಿಡಿದುಕೊಂಡಿತ್ತು.